ಏಕಕೋಶ ದತ್ತಾಂಶ ಮತ್ತು ಎಐ ಸಹಾಯಕ: ಉತ್ತರ ಲೆಕ್ಕದಿಂದ ಬಂದದ್ದೇ, ನೆನಪಿನಿಂದ ಬಂದದ್ದೇ?

ಪ್ರಶ್ನೆ: ಬದಿಯಡ್ಕದಿಂದ, ಎಂ.ಎಸ್ಸಿ. ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ ನಾನು ಈಗ ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ಪ್ರಾಜೆಕ್ಟಿಗೆಂದು ಗೈಡ್ ಅವರು ಇಲಿಯ ಶ್ವಾಸಕೋಶದ ಏಕಕೋಶ ಜೀನ್ ಅಭಿವ್ಯಕ್ತಿ ದತ್ತಾಂಶವೊಂದನ್ನು ಕೊಟ್ಟಿದ್ದಾರೆ. ಧೂಳಿಗೆ ಒಡ್ಡಿದ 3 ಇಲಿಗಳು, ಒಡ್ಡದ 3 ಇಲಿಗಳು, ಎಲ್ಲ ಸೇರಿ 11,482 ಜೀವಕೋಶಗಳು. ಒಂದೊಂದು ಕೋಶದಲ್ಲೂ ಯಾವ ಜೀನ್‌ನ ಆರ್‌ಎನ್‌ಎ ಎಷ್ಟು ಸಿಕ್ಕಿತು ಎಂದು ಎಣಿಸಿಟ್ಟ ದೊಡ್ಡ ಕೋಷ್ಟಕ ಅದು. ನನ್ನ ಲ್ಯಾಪ್‌ಟಾಪಿನಲ್ಲಿರುವುದು 8 ಜಿಬಿ ಮೆಮೊರಿ. ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೆಲಸ ಮಾಡಲು ಹೋದರೆ ಅರ್ಧದಲ್ಲೇ ನಿಂತುಬಿಡುತ್ತದೆ. ಹಾಗಾಗಿ, ಮಾತಿನಲ್ಲಿ ಕೇಳಿದರೆ ಮಾತಿನಲ್ಲೇ ಉತ್ತರ ಕೊಡುವ ಎಐ ಸಹಾಯಕನ ಮೊರೆ ಹೋದೆ.

ನಂಬಬಹುದೇ ಎಂದು ತಿಳಿಯಲು, ಈ ವಿಷಯ ಕಲಿಯುವವರೆಲ್ಲರೂ ಮೊದಲು ಬಳಸುವ ಪಿಬಿಎಂಸಿ 3ಕೆ ಎಂಬ ದತ್ತಾಂಶವನ್ನು ಮೊದಲು ಕೊಟ್ಟು ನೋಡಿದೆ. ಟೆನ್‌ಎಕ್ಸ್ ಜೀನೋಮಿಕ್ಸ್ ಸಂಸ್ಥೆ ಮುಕ್ತವಾಗಿ ಹಂಚಿರುವ, ಆರೋಗ್ಯವಂತ ದಾನಿಯೊಬ್ಬರ ರಕ್ತಕೋಶಗಳ ದತ್ತಾಂಶ ಅದು. ಸಹಾಯಕ ನಿಮಿಷದೊಳಗೆ, 2,700 ಕೋಶಗಳಿವೆ, ಕಳಪೆ ಕೋಶಗಳನ್ನು ಶೋಧಿಸಿ ತೆಗೆದ ಮೇಲೆ 2,638 ಉಳಿಯುತ್ತವೆ, ಒಂದನ್ನೊಂದು ಹೋಲುವವನ್ನು ಸೇರಿಸಿದರೆ 9 ಗುಂಪುಗಳಾಗುತ್ತವೆ ಎಂದಿತು. ಇಂಥ ದತ್ತಾಂಶದ ವಿಶ್ಲೇಷಣೆಗೆ ಬಳಸುವ ಸ್ಯೂರಾಟ್ ತಂತ್ರಾಂಶದ ಪಾಠದಲ್ಲಿ ಇರುವುದೂ ಇವೇ ಸಂಖ್ಯೆಗಳು. ಧೈರ್ಯ ಬಂದು ನನ್ನ ದತ್ತಾಂಶವನ್ನು ಒಪ್ಪಿಸಿದೆ. ತೊಂದರೆ ಶುರುವಾದದ್ದು ಅಲ್ಲಿಂದ.

ಎಲ್ಲ ಕೋಶಗಳಲ್ಲೂ ಒಟ್ಟು ಆರ್‌ಎನ್‌ಎಯಲ್ಲಿ ಮೈಟೊಕಾಂಡ್ರಿಯದ ಪಾಲು ಸೊನ್ನೆ ಇರುವುದರಿಂದ ಗುಣಮಟ್ಟ ಅತ್ಯುತ್ತಮವಾಗಿದೆ ಎಂದು ಅದು ಹೊಗಳಿತು. ಸೋಮವಾರ 14 ಗುಂಪುಗಳೆಂದದ್ದು ಬುಧವಾರ 17 ಎಂದಿತು. ಗುಂಪುಗಳಿಗೆ ಹೆಸರಿಟ್ಟ ಪಟ್ಟಿಯಲ್ಲಿ ಕ್ಲಾರಾ ಕೋಶ ಎಂದು ಒಂದು ಸಾಲು, ಕ್ಲಬ್ ಕೋಶ ಎಂದು ಇನ್ನೊಂದು ಸಾಲು ಇದೆ. ಇವೆರಡರ ವ್ಯತ್ಯಾಸ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಕನ್ನಡದಲ್ಲಿ ‘ಎರಡು ಬಗೆಯ ಮಾದರಿಗಳ ನಡುವಿನ ವ್ಯತ್ಯಾಸ ತಿಳಿಸು’ ಎಂದು ಕೇಳಿದಾಗ ಏನೋ ಬೇರೆಯದೇ ಲೆಕ್ಕ ಮಾಡಿ ಕೊಟ್ಟಿತು. ಇಂಗ್ಲಿಷಿನಲ್ಲಿ ಮತ್ತೆ ಕೇಳಿದಾಗ ಧೂಳಿನಿಂದಾಗಿ 1,900ಕ್ಕೂ ಹೆಚ್ಚು ಜೀನ್‌ಗಳು ಬದಲಾಗಿವೆ ಎಂದಿತು. ಕೆಲವದರ ಪಿ-ಮೌಲ್ಯದಲ್ಲಿ (ಬರೀ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣುವ ಸಂಭವದಲ್ಲಿ) ದಶಮಾಂಶ ಬಿಂದುವಿನ ಮುಂದೆ 80 ಸೊನ್ನೆಗಳಿವೆ. ಇಷ್ಟು ಸ್ಪಷ್ಟವಾದ ಫಲಿತಾಂಶ ನನಗೆ ಸಿಕ್ಕಿತೆಂದರೆ ನನಗೇ ನಂಬಿಕೆಯಿಲ್ಲ. ಈ ಸಹಾಯಕನನ್ನು ಬಳಸುವ ಸರಿಯಾದ ಕ್ರಮ ಯಾವುದು, ವರದಿಯಲ್ಲಿ ಅದನ್ನು ಹೇಗೆ ಬರೆಯಬೇಕು ಎಂದು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಮಂಜೇಶ್ವರದಿಂದ, ದತ್ತಾಂಶ ವಿಶ್ಲೇಷಣೆಯ ಕೆಲಸದಲ್ಲಿರುವವರು

ನಿಮ್ಮ ಸಂಶಯ ಸರಿಯಾದ ಜಾಗದಲ್ಲೇ ಹುಟ್ಟಿದೆ. ಆದರೆ ನೀವು ಮಾಡಿದ ಮೊದಲ ಪರೀಕ್ಷೆಯಿಂದಲೇ ಅದು ಹುಟ್ಟಬೇಕಿತ್ತು. ಪಿಬಿಎಂಸಿ 3ಕೆ ದತ್ತಾಂಶದ ವಿಶ್ಲೇಷಣೆ ಅಂತರಜಾಲದಲ್ಲಿ ಸಾವಿರಾರು ಕಡೆ ಇದೆ. 200ಕ್ಕಿಂತ ಹೆಚ್ಚು, 2,500ಕ್ಕಿಂತ ಕಡಿಮೆ ಜೀನ್‌ಗಳಿರುವ, ಮೈಟೊಕಾಂಡ್ರಿಯದ ಪಾಲು ಶೇಕಡಾ 5ಕ್ಕಿಂತ ಕಡಿಮೆ ಇರುವ ಕೋಶಗಳನ್ನು ಮಾತ್ರ ಉಳಿಸಿಕೊಂಡರೆ 2,638 ಬರುತ್ತದೆ ಎಂಬುದು ಆ ಪಾಠವನ್ನು ಓದಿದವರಿಗೆಲ್ಲ ಬಾಯಿಪಾಠ. ಎಐ ಸಹಾಯಕ ಕಲಿತದ್ದೂ ಅಂಥ ಬರಹಗಳಿಂದಲೇ. ಆದ್ದರಿಂದ ಅದು ನಿಮ್ಮ ಕಡತವನ್ನು ತೆರೆದು ಎಣಿಸಿ ಹೇಳಿತೋ, ತೆರೆಯದೆಯೇ ನೆನಪಿನಿಂದ ಹೇಳಿತೋ ಎಂಬುದು ಉತ್ತರ ನೋಡಿದರೆ ಗೊತ್ತಾಗುವುದಿಲ್ಲ. ಕೆಲವು ಸಹಾಯಕಗಳು ನಿಜವಾಗಿಯೂ ಪೈಥಾನ್ ಕೋಡ್ ಬರೆದು ಓಡಿಸುತ್ತವೆ. ಕೆಲವು ಓಡಿಸಿದಂತೆ ಬರೆಯುತ್ತವೆ, ಅಷ್ಟೆ. ಓಡಿಸುವವುಗಳಲ್ಲೂ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕಡತವಿದ್ದ ಜಾಗ ಅಳಿಸಿಹೋಗಿ, ಮಾತುಕತೆ ಮಾತ್ರ ಏನೂ ಆಗದಂತೆ ಮುಂದುವರಿಯುವುದುಂಟು.

ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಅದೇ ರಕ್ತಕೋಶಗಳ ಕೋಷ್ಟಕದಿಂದ ನಿಮಗೆ ತೋಚಿದಷ್ಟು ಕೋಶಗಳನ್ನು, ಹತ್ತರ ಲೆಕ್ಕಕ್ಕೆ ಸಿಗದ ಯಾವುದಾದರೂ ಸಂಖ್ಯೆಯಲ್ಲಿ, ಯಾದೃಚ್ಛಿಕವಾಗಿ ತೆಗೆದುಹಾಕಿ. ಎಷ್ಟು ತೆಗೆದಿರಿ ಎಂದು ಹೇಳದೆ ಕಡತವನ್ನು ಕೊಟ್ಟು, ಶೋಧಿಸಿದ ಮೇಲೆ ಎಷ್ಟು ಉಳಿಯುತ್ತವೆ ಎಂದು ಕೇಳಿ. ಜಗತ್ತಿನಲ್ಲಿ ಯಾರೂ ಬರೆದಿಡದ ಉತ್ತರ ಅದು.

ಇನ್ನು ಸೊನ್ನೆಯ ವಿಷಯ. ಕೋಶದ ಪೊರೆ ಹರಿದಾಗ ಕೋಶರಸದಲ್ಲಿರುವ ಆರ್‌ಎನ್‌ಎ ಸೋರಿಹೋಗುತ್ತದೆ, ಮೈಟೊಕಾಂಡ್ರಿಯದ ಒಳಗಿರುವುದು ಉಳಿಯುತ್ತದೆ. ಹಾಗಾಗಿ ಮೈಟೊಕಾಂಡ್ರಿಯದ ಪಾಲು ಹೆಚ್ಚಿರುವ ಕೋಶ ಸಾಯುತ್ತಿರುವ ಕೋಶವಾಗಿರುವ ಸಂಭವ ಹೆಚ್ಚು. ಆ ಪಾಲನ್ನು ಲೆಕ್ಕ ಹಾಕುವುದು ಜೀನ್‌ಗಳ ಹೆಸರಿನ ಮೊದಲ ಅಕ್ಷರಗಳನ್ನು ನೋಡಿ. ಮನುಷ್ಯನ ಜೀನ್ ಪಟ್ಟಿಯಲ್ಲಿ ಆ ಹೆಸರುಗಳು ಇಂಗ್ಲಿಷಿನ ದೊಡ್ಡಕ್ಷರದ ಎಂಟಿ ಮತ್ತು ಅಡ್ಡಗೆರೆಯಿಂದ ಆರಂಭವಾಗುತ್ತವೆ. ಇಲಿಯ ಪಟ್ಟಿಯಲ್ಲಿ ಅದೇ ಎಂಟಿ ಸಣ್ಣಕ್ಷರದಲ್ಲಿರುತ್ತದೆ. ನಿಮ್ಮ ಸಹಾಯಕ ಪಾಠದಲ್ಲಿದ್ದ ದೊಡ್ಡಕ್ಷರವನ್ನೇ ಇಲಿಯ ಕೋಷ್ಟಕದಲ್ಲಿ ಹುಡುಕಿದೆ. ಒಂದೂ ಸಿಗಲಿಲ್ಲ, ಕೂಡಿದರೆ ಸೊನ್ನೆ ಬಂತು, ಸೊನ್ನೆಯನ್ನು ಕಂಡು ಸಂತೋಷಪಟ್ಟಿತು. ಕೋಡ್ ಎಲ್ಲಿಯೂ ತಪ್ಪು ತೋರಿಸಿರುವುದಿಲ್ಲ, ಏಕೆಂದರೆ ಕಂಪ್ಯೂಟರಿನ ದೃಷ್ಟಿಯಲ್ಲಿ ಅದು ತಪ್ಪೇ ಅಲ್ಲ. ಜೀವಂತ ಅಂಗಾಂಶದಿಂದ ತೆಗೆದ 11,482 ಕೋಶಗಳಲ್ಲಿ ಒಂದರಲ್ಲೂ ಮೈಟೊಕಾಂಡ್ರಿಯದ ಆರ್‌ಎನ್‌ಎ ಇಲ್ಲವೆಂದರೆ ನಂಬುವ ಜೀವಶಾಸ್ತ್ರಜ್ಞರಿಲ್ಲ. ಇಂಥ ಜಾಗದಲ್ಲಿ ‘ಎಷ್ಟು ಪಾಲು’ ಎಂದು ಕೇಳುವ ಮೊದಲು ‘ಎಷ್ಟು ಜೀನ್‌ಗಳು ಸಿಕ್ಕವು, ಅವುಗಳ ಹೆಸರು ಹೇಳು’ ಎಂದು ಕೇಳಬೇಕು. ಪ್ರೋಟೀನ್ ತಯಾರಿಸುವ 13 ಜೀನ್‌ಗಳ ಹೆಸರುಗಳು ಬಂದರೆ ಸರಿ. ಅಂದಹಾಗೆ ಶೇಕಡಾ 5 ಎಂಬ ಮಿತಿಯೂ ವೇದವಾಕ್ಯವಲ್ಲ. ಹೃದಯದ ಸ್ನಾಯುವಿಗೆ ಅದನ್ನು ಹಾಕಿದರೆ ಒಳ್ಳೆಯ ಕೋಶಗಳೇ ಕಸದ ಬುಟ್ಟಿಗೆ ಹೋಗುತ್ತವೆ.

14 ಮತ್ತು 17ರ ಜಗಳಕ್ಕೆ ಕಾರಣ ರೆಸಲ್ಯೂಶನ್ ಎಂಬ ಒಂದು ಸಂಖ್ಯೆಯಾಗಿರಬಹುದು. ಅದನ್ನು ಹೆಚ್ಚಿಸಿದರೆ ಗುಂಪುಗಳು ಹೆಚ್ಚುತ್ತವೆ, ಇಳಿಸಿದರೆ ಕೂಡಿಕೊಳ್ಳುತ್ತವೆ. ಹೊಸ ಮಾತುಕತೆ ಆರಂಭಿಸಿದಾಗಲೆಲ್ಲ ಸಹಾಯಕ ಹೊಸದಾಗಿ ಕೋಡ್ ಬರೆಯುತ್ತದೆ, ಆ ಸಂಖ್ಯೆಯನ್ನು ತನಗೆ ತೋಚಿದಂತೆ ಇಡುತ್ತದೆ, ಕೇಳದಿದ್ದರೆ ಹೇಳುವುದಿಲ್ಲ. ನಮ್ಮೂರಿನ ಅಡಿಕೆ ಗಾರ್ಬಲ್‌ನಲ್ಲಿ ಒಂದೇ ಗೋಣಿಯನ್ನು ಒಬ್ಬರು ನಾಲ್ಕು ದರ್ಜೆ ಮಾಡುತ್ತಾರೆ, ಇನ್ನೊಬ್ಬರು ಪಟೋರ, ಕರಿಗೋಟು ಎಂದು ಬಿಡಿಸುತ್ತಾ ಏಳು ಮಾಡುತ್ತಾರೆ, ಅಡಿಕೆ ಬದಲಾಗಿರುವುದಿಲ್ಲ. ಎಷ್ಟು ಗುಂಪು ಎಂಬುದನ್ನು ನೀವು ಜೀವಶಾಸ್ತ್ರದ ಕಾರಣ ಕೊಟ್ಟು ನಿರ್ಧರಿಸಿ, ಆ ಸಂಖ್ಯೆಯನ್ನೂ ಯಾದೃಚ್ಛಿಕತೆಯ ಸೀಡ್ ಸಂಖ್ಯೆಯನ್ನೂ (ಅದನ್ನೇ ಮತ್ತೆ ಕೊಟ್ಟರೆ ಅದೇ ಫಲಿತಾಂಶ ಬರುವ ಆರಂಭದ ಸಂಖ್ಯೆ) ಬರೆದಿಡಿ.

ಕ್ಲಾರಾ ಮತ್ತು ಕ್ಲಬ್ ಎಂಬವು ಶ್ವಾಸನಾಳಗಳ ಒಳಪದರದಲ್ಲಿರುವ ಒಂದೇ ಕೋಶದ ಹಳೆಯ ಮತ್ತು ಹೊಸ ಹೆಸರುಗಳು. ಮ್ಯಾಕ್ಸ್ ಕ್ಲಾರಾ ಎಂಬ ಅಂಗರಚನಾಶಾಸ್ತ್ರಜ್ಞನಿಗಿದ್ದ ನಾತ್ಸಿ ನಂಟಿನ ಕಾರಣ ಆ ಹೆಸರನ್ನು ಕೈಬಿಡಲಾಯಿತು. ನಿಮ್ಮ ಎರಡೂ ಸಾಲುಗಳಲ್ಲಿ ಆ ಕೋಶದ ಗುರುತಾದ ಎಸ್‌ಸಿಜಿಬಿ1ಎ1 ಜೀನ್ ಮೇಲ್ಗಡೆ ಇರಬಹುದು, ನೋಡಿ. ಹಾಗಿದ್ದರೆ ಒಂದೇ ಗುಂಪು ಎರಡಾಗಿ ಸೀಳಿದೆ, ಸಹಾಯಕ ಎರಡಕ್ಕೂ ಹೆಸರು ಹುಡುಕಿಕೊಟ್ಟಿದೆ. ಹೆಸರಿಡುವ ಕೆಲಸದಲ್ಲಿ ಇವು ಸಾಮಾನ್ಯವಾಗಿ ಚೆನ್ನಾಗಿಯೇ ನೆರವಾಗುತ್ತವೆ ಎಂಬುದನ್ನೂ ಹೇಳಬೇಕು. ಜಿಪಿಟಿ-4ಕ್ಕೆ ಗುರುತಿನ ಜೀನ್‌ಗಳ ಪಟ್ಟಿ ಕೊಟ್ಟು ಕೋಶದ ಬಗೆಯನ್ನು ಹೇಳಿಸಿದ ಅಧ್ಯಯನವೊಂದು 2024ರಲ್ಲಿ ನೇಚರ್ ಮೆಥಡ್ಸ್ ಪತ್ರಿಕೆಯಲ್ಲಿ ಬಂದಿದ್ದು, ತಜ್ಞರು ಕೈಯಾರೆ ಇಟ್ಟ ಹೆಸರುಗಳಿಗೆ ಅದು ಬಹುಮಟ್ಟಿಗೆ ಹೊಂದಿತ್ತು. ಆದರೆ ಅಲ್ಲಿಯೂ ಲೆಕ್ಕ ಮಾಡಿದವರು ಮನುಷ್ಯರು. ಯಂತ್ರ ಓದಿದ್ದು ಪಟ್ಟಿಯನ್ನು.

ಕೊನೆಯದಾಗಿ ಮೆಮೊರಿ. 11,482 ಕೋಶಗಳನ್ನು ಸುಮಾರು 20,000 ಜೀನ್‌ಗಳಿಂದ ಗುಣಿಸಿದರೆ ಹತ್ತಿರ ಹತ್ತಿರ 23 ಕೋಟಿ ಮನೆಗಳ ಕೋಷ್ಟಕವಾಗುತ್ತದೆ. ಅದರಲ್ಲಿ ಬಹುಪಾಲು ಸೊನ್ನೆಗಳೇ ಇರುವುದರಿಂದ ಸೊನ್ನೆಗಳನ್ನು ಬಿಟ್ಟು ಉಳಿಸಿಡುವ ಕ್ರಮದಲ್ಲಿ ಅದು ಚಿಕ್ಕದಾಗಿಯೇ ಇರುತ್ತದೆ. ಜೀನ್‌ಗಳನ್ನು ಒಂದೇ ಅಳತೆಗೆ ತರುವ ಸ್ಕೇಲಿಂಗ್ ಹಂತದಲ್ಲಿ ಎಲ್ಲ ಜೀನ್‌ಗಳನ್ನೂ ಸೇರಿಸಿದರೆ ಸೊನ್ನೆಗಳ ಜಾಗವೂ ತುಂಬಿ, ಒಂದೊಂದು ಪ್ರತಿಗೇ 1.8 ಜಿಬಿ ಬೇಕಾಗುತ್ತದೆ. ತಂತ್ರಾಂಶ ಅಂಥ ಮೂರು ನಾಲ್ಕು ಪ್ರತಿ ಮಾಡಿಕೊಂಡಿತೆಂದರೆ ನಿಮ್ಮ ಲ್ಯಾಪ್‌ಟಾಪ್ ಮಲಗುತ್ತದೆ. ಹೆಚ್ಚು ಏರಿಳಿತ ತೋರುವ 2,000 ಜೀನ್‌ಗಳನ್ನಷ್ಟೇ ಸ್ಕೇಲ್ ಮಾಡಿದರೆ ಹತ್ತರಲ್ಲೊಂದು ಪಾಲು ಸಾಕು. ಸಹಾಯಕನಿಂದ ಕೋಡ್ ಬರೆಸಿಕೊಳ್ಳಿ, ಓಡಿಸುವುದನ್ನು ನಿಮ್ಮ ಯಂತ್ರದಲ್ಲೇ ಮಾಡಿ. ಆಗ ದತ್ತಾಂಶವನ್ನು ಹೊರಗೆ ಕಳಿಸುವ ಪ್ರಶ್ನೆಯೂ ಬರುವುದಿಲ್ಲ. ಇನ್ನೂ ಪ್ರಕಟವಾಗದ ದತ್ತಾಂಶ ನಿಮ್ಮ ಗೈಡ್ ಅವರದ್ದು. ಅವರನ್ನು ಕೇಳದೆ ಹಾಕಿದ್ದರೆ ಇವತ್ತೇ ಹೇಳಿಬಿಡಿ. ಮನುಷ್ಯರ ದತ್ತಾಂಶವಾದರೆ, ವಿಶೇಷವಾಗಿ ಕಚ್ಚಾ ಅನುಕ್ರಮದ ಕಡತವಾದರೆ, ಅದರಲ್ಲಿ ವ್ಯಕ್ತಿಯನ್ನೇ ಗುರುತಿಸಬಲ್ಲ ಡಿಎನ್‌ಎ ವ್ಯತ್ಯಾಸಗಳಿರುತ್ತವೆ.

ಉತ್ತರ 2: ಕುಂಬಳೆಯಿಂದ, ನಿವೃತ್ತ ವಿಜ್ಞಾನ ಅಧ್ಯಾಪಕ

ತಂಗೀ, ಜೀನ್‌ಗಳ ಲೆಕ್ಕ ನನಗೆ ತಿಳಿಯದು. ಆದರೆ ಕನ್ನಡದ ಪ್ರಶ್ನೆಗೆ ಬೇರೆಯದೇ ಉತ್ತರ ಬಂದದ್ದಕ್ಕೆ ಯಂತ್ರವನ್ನು ಮಾತ್ರ ದೂರಬೇಡ. ಪ್ರಯೋಗಕ್ಕೆ ತೆಗೆದುಕೊಂಡ ಅಂಶಕ್ಕೂ ನಾವು ಮಾದರಿ ಎನ್ನುತ್ತೇವೆ, ಗಣಿತದಲ್ಲಿ ಕಟ್ಟುವ ಸೂತ್ರರೂಪಕ್ಕೂ ಮಾದರಿ ಎನ್ನುತ್ತೇವೆ, ಮಾದರಿ ಪ್ರಶ್ನೆಪತ್ರಿಕೆ ಎಂಬಲ್ಲಿಯೂ ಅದೇ ಮಾತು. ನೀನು ಎರಡು ಬಗೆಯ ಇಲಿಗಳನ್ನು ಹೋಲಿಸಲು ಹೇಳಿದೆ; ಅದು ಎರಡು ಗಣಿತದ ಮಾದರಿಗಳನ್ನು ಕಟ್ಟಿ, ಯಾವುದು ಹೆಚ್ಚು ಒಗ್ಗುತ್ತದೆ ಎಂದು ನೋಡಿರಬೇಕು. ಕೋಶ ಎಂಬ ಪದದ ಅವಸ್ಥೆಯೂ ಹಾಗೆಯೇ: ಜೀವಕೋಶ, ಶ್ವಾಸಕೋಶ, ಶಬ್ದಕೋಶ ಎಲ್ಲ ಒಂದೇ ಬಾಲದವು. ನನ್ನ ಸಲಹೆ ಇಷ್ಟೆ. ಮಾತುಕತೆಯ ಆರಂಭದಲ್ಲೇ ಪದಗಳ ಅರ್ಥವನ್ನು ಕಟ್ಟಿಹಾಕು. ‘ಇಲಿ ಎಂದರೆ ಪ್ರಾಣಿ, ಒಟ್ಟು ಆರು, ಕೋಶ ಎಂದರೆ ಜೀವಕೋಶ, ಪಂಗಡ ಎಂದರೆ ಧೂಳಿಗೆ ಒಡ್ಡಿದ್ದು ಮತ್ತು ಒಡ್ಡದ್ದು, ಮಾದರಿ ಎಂಬ ಪದವನ್ನು ನಾನೂ ಬಳಸುವುದಿಲ್ಲ, ನೀನೂ ಬಳಸಬೇಡ’ ಎಂದು ಬರೆ. ನಾಲ್ಕು ದಶಕ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡಿದವನ ಅನುಭವ ಇದು: ಪದ ಎರಡು ಅರ್ಥ ಕೊಟ್ಟರೆ ಜಾಣ ವಿದ್ಯಾರ್ಥಿ ತಪ್ಪು ಅರ್ಥವನ್ನೇ ಹಿಡಿದು ಪುಟಗಟ್ಟಲೆ ಸರಿಯಾಗಿ ಬರೆಯುತ್ತಾನೆ.

ಪ್ರಶ್ನೆ ಕೇಳಿದವರಿಂದ

ಮಂಜೇಶ್ವರದವರಿಗೂ ಕುಂಬಳೆಯ ಮಾಷ್ಟ್ರಿಗೂ ಕೃತಜ್ಞತೆಗಳು. ಪರೀಕ್ಷೆ ಮಾಡಿದೆ. 2,700 ಕೋಶಗಳಿಂದ 437 ತೆಗೆದು, ಉಳಿದ 2,263 ಕೋಶಗಳ ಕಡತವನ್ನು ಎರಡು ಬೇರೆ ಬೇರೆ ಸಹಾಯಕಗಳಿಗೆ ಕೊಟ್ಟೆ. ಕೋಡ್ ಓಡಿಸುವ ಸೌಲಭ್ಯವಿರುವ ಒಂದು ಸಹಾಯಕ, ಶೋಧಿಸಿದ ಮೇಲೆ 2,211 ಉಳಿದವು ಎಂದಿತು. ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಕೋಡ್ ಓಡಿಸಿದಾಗಲೂ 2,211 ಬಂತು. ನಾನು ಮೊದಲಿನಿಂದ ಬಳಸುತ್ತಿದ್ದ ಇನ್ನೊಂದು ಸಹಾಯಕ ಒಂದಿಷ್ಟೂ ತಡವರಿಸದೆ 2,638 ಎಂದಿತು. ಕೊಟ್ಟದ್ದು 2,263, ಶೋಧಿಸಿದ ಮೇಲೆ ಉಳಿದದ್ದು 2,638! ಹಾಗೆ ಹೇಗಾಯಿತು ಎಂದು ಕೇಳಿದ್ದಕ್ಕೆ ಕ್ಷಮೆ ಕೇಳಿ, ಕಡತವನ್ನು ಮತ್ತೊಮ್ಮೆ ಪರಿಶೀಲಿಸಿದೆ ಎಂದು ಹೇಳಿ, ಬೇರೊಂದು ಸಂಖ್ಯೆ ಕೊಟ್ಟಿತು. ಅದೂ ತಪ್ಪಾಗಿತ್ತು.

ಸಣ್ಣಕ್ಷರದ ಎಂಟಿ ಹಾಕಿ ನೋಡಿದಾಗ 13 ಜೀನ್‌ಗಳು ಸಿಕ್ಕವು. ಗೈಡ್ ಅವರು ಹೇಳಿದಂತೆ ಶೇಕಡಾ 10ರ ಮಿತಿ ಇಟ್ಟುಕೊಂಡಾಗ 1,306 ಕೋಶಗಳು ಹೊರಗೆ ಹೋದವು. ಇಷ್ಟು ದಿನ ನಾನು ಹೆಸರಿಡಲು ಒದ್ದಾಡುತ್ತಿದ್ದ ಎರಡು ಗುಂಪುಗಳು ಅದರೊಂದಿಗೇ ಮಾಯವಾದವು. ಸಾಯುತ್ತಿದ್ದ ಕೋಶಗಳಿಗೆ ನಾನು ಹೆಸರು ಹುಡುಕುತ್ತಿದ್ದೆ. ಕ್ಲಾರಾ ಸಾಲಿನಲ್ಲೂ ಕ್ಲಬ್ ಸಾಲಿನಲ್ಲೂ ಮೊದಲ ಜೀನ್ ಎಸ್‌ಸಿಜಿಬಿ1ಎ1 ಎಂಬುದೇ ಆಗಿತ್ತು.

ಉತ್ತರ 3: ಮುಳ್ಳೇರಿಯದಿಂದ, ಸಂಖ್ಯಾಶಾಸ್ತ್ರ ಕಲಿಸುವವರು

ಎಲ್ಲರೂ ಕೋಡಿನ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಕಣ್ಣು ಹೋದದ್ದು ಆ 80 ಸೊನ್ನೆಗಳ ಮೇಲೆ. ಅಲ್ಲಿ ಕೋಡ್ ಸರಿಯಾಗಿ ಓಡಿದರೂ ಉತ್ತರ ತಪ್ಪು.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಟ್ಟ ಮೂರು ತೋಟ, ಬಿಡದ ಮೂರು ತೋಟ ಎಂದು ಇಟ್ಟುಕೊಳ್ಳಿ. ಪ್ರತಿ ತೋಟದಿಂದ ಎರಡು ಸಾವಿರ ಅಡಿಕೆ ಹೆಕ್ಕಿ ತಂದು ಒಂದೊಂದನ್ನೂ ನೋಡುತ್ತೀರಿ. ಹನ್ನೆರಡು ಸಾವಿರ ಅಡಿಕೆ ನೋಡಿದ ಮಾತ್ರಕ್ಕೆ ಹನ್ನೆರಡು ಸಾವಿರ ಸಾಕ್ಷಿ ಸಿಕ್ಕಿತೆಂದು ಹೇಳಲಾಗುವುದಿಲ್ಲ, ಏಕೆಂದರೆ ಒಂದೇ ತೋಟದ ಅಡಿಕೆಗಳು ಒಂದೇ ಮಣ್ಣು, ಒಂದೇ ನೆರಳು, ಒಂದೇ ಮಳೆ ಕಂಡವು. ಒಂದು ತೋಟ ತಗ್ಗಿನಲ್ಲಿದ್ದು ನೀರು ನಿಲ್ಲುತ್ತಿದ್ದರೆ ಅಲ್ಲಿನ ಎರಡು ಸಾವಿರವೂ ಅದೇ ಕಥೆ ಹೇಳುತ್ತವೆ. ಮದ್ದು ಬಿಟ್ಟದ್ದು ತೋಟಕ್ಕೆ; ಆದ್ದರಿಂದ ಸಾಕ್ಷಿಗಳ ಸಂಖ್ಯೆ ಮೂರು ಮತ್ತು ಮೂರು. ನಿಮ್ಮಲ್ಲಿ ಧೂಳು ಕುಡಿದದ್ದು ಇಲಿ, ಕೋಶವಲ್ಲ. ಕೋಶಗಳನ್ನು ಪ್ರತ್ಯೇಕ ಸಾಕ್ಷಿಗಳೆಂದು ಹಿಡಿದರೆ ಇಲಿಯಿಂದ ಇಲಿಗೆ ಸಹಜವಾಗಿ ಇರುವ ವ್ಯತ್ಯಾಸವೆಲ್ಲ ಧೂಳಿನ ಪರಿಣಾಮವಾಗಿ ಕಾಣುತ್ತದೆ. ಈ ತಪ್ಪಿನಿಂದ ಇಲ್ಲದ ವ್ಯತ್ಯಾಸಗಳು ನೂರಾರು ಸಂಖ್ಯೆಯಲ್ಲಿ ಕಾಣಬಹುದೆಂದು 2021ರಲ್ಲಿ ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಪರಿಹಾರ ಹಳೆಯದೇ. ಒಂದೊಂದು ಬಗೆಯ ಕೋಶವನ್ನು ತೆಗೆದುಕೊಂಡು, ಒಂದೊಂದು ಇಲಿಯಲ್ಲಿ ಆ ಬಗೆಯ ಎಲ್ಲ ಕೋಶಗಳ ಎಣಿಕೆಯನ್ನು ಕೂಡಿಸಿ, ಆರು ಕಂಬಸಾಲುಗಳ ಕೋಷ್ಟಕ ಮಾಡಿ. ಆಮೇಲೆ ಡಿಇಸೆಕ್2 ಅಥವಾ ಎಡ್ಜ್‌ಆರ್ ಎಂಬ ತಂತ್ರಾಂಶದಿಂದ ಮೂರಕ್ಕೆ ಮೂರು ಹೋಲಿಸಿ. ಇದಕ್ಕೆ ಸ್ಯೂಡೊಬಲ್ಕ್ ಎನ್ನುತ್ತಾರೆ. ಸಹಾಯಕನಿಗೆ ‘ಎರಡು ಪಂಗಡಗಳನ್ನು ಹೋಲಿಸು’ ಎಂದರೆ ಅದು ಇದನ್ನು ತಾನಾಗಿ ಮಾಡುವುದು ಕಡಿಮೆ, ಏಕೆಂದರೆ ಪಾಠಗಳಲ್ಲಿ ಹೆಚ್ಚಾಗಿ ಇರುವುದು ಒಬ್ಬನೇ ದಾನಿಯ ದತ್ತಾಂಶ. ಅಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ‘ಸ್ವತಂತ್ರ ಘಟಕ ಇಲಿ, ಒಟ್ಟು ಆರು’ ಎಂದು ನೀವೇ ಹೇಳಬೇಕು. ಹಾಗೆ ಹೇಳಿದರೆ ಸರಿಯಾದ ಕೋಡನ್ನೇ ಬರೆಯುತ್ತದೆ, ಅದನ್ನೂ ಒಪ್ಪುತ್ತೇನೆ.

ಉತ್ತರ 4: ಉಪ್ಪಳದಿಂದ

ಇಷ್ಟೆಲ್ಲ ಕಾವಲು ಕಾಯಬೇಕಾದರೆ ಆ ಸಹಾಯಕ ಏಕೆ ಬೇಕು? ಆರು ವಾರ ಕುಳಿತು ಆರ್ ಕಲಿತರೆ ಆಯಿತಲ್ಲ. ನಾವೆಲ್ಲ ಹಾಗೆಯೇ ಕಲಿತವರು.

ಉತ್ತರ 5: ಮಂಜೇಶ್ವರದಿಂದ

ಕಲಿಯಬೇಕು, ಒಪ್ಪಿದೆ. ಆದರೆ ಕಲಿಯುವುದಕ್ಕೂ ಅದನ್ನೇ ಬಳಸಬಹುದು: ಕೋಡಿನ ಒಂದೊಂದು ಸಾಲು ಏನು ಮಾಡುತ್ತದೆ ಎಂದು ರಾತ್ರಿ ಹನ್ನೊಂದಕ್ಕೆ ಕೇಳಿದರೆ ಬೇಸರವಿಲ್ಲದೆ ಹೇಳುವ ಗುರು ನಮ್ಮ ಕಾಲದಲ್ಲಿ ನನಗಂತೂ ಸಿಗಲಿಲ್ಲ. ನಾನು ಅದನ್ನು ದಿನವೂ ಬಳಸುತ್ತೇನೆ. ಅದು ಬರೆದ ಕೋಡನ್ನು ಓದುತ್ತೇನೆ, ಅದು ಹೇಳಿದ ಸಂಖ್ಯೆಯನ್ನು ಓದುವುದಿಲ್ಲ. ಸಂಖ್ಯೆ ನನ್ನ ಪರದೆಯ ಮೇಲೆ ಬರಬೇಕು.

ಉತ್ತರ 6: ಕಾಸರಗೋಡಿನಿಂದ, ಸಸ್ಯವಿಜ್ಞಾನದವರು

ಸಸ್ಯಗಳ ಮೇಲೆ ಇದನ್ನು ಮಾಡಹೊರಟವರಿಗೆ ಒಂದು ಮಾತು. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರಿನಲ್ಲಿ ಈ ಪ್ರಶ್ನೆ ಇಂದಲ್ಲ ನಾಳೆ ಬರುವುದೇ. ಸಸ್ಯದಲ್ಲಿ ಮೈಟೊಕಾಂಡ್ರಿಯದ ಜೊತೆಗೆ ಹರಿತ್ತುಕಣಗಳ ಜೀನ್‌ಗಳನ್ನೂ ನೋಡಬೇಕು, ಹೆಸರಿಡುವ ಪದ್ಧತಿಯೂ ಬೇರೆ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಅರಾಬಿಡಾಪ್ಸಿಸ್ ಗಿಡದಲ್ಲಿ ಮೊದಲಿನವು ಎಟಿಎಂಜಿ ಎಂದೂ ಎರಡನೆಯವು ಎಟಿಸಿಜಿ ಎಂದೂ ಆರಂಭವಾಗುತ್ತವೆ. ಕೋಶಭಿತ್ತಿಯನ್ನು ಕಿಣ್ವ ಹಾಕಿ ಕರಗಿಸುವಾಗಲೇ ಕೋಶ ಗಾಬರಿಗೊಂಡು ಕೆಲವು ಜೀನ್‌ಗಳನ್ನು ಏರಿಸಿಬಿಡುತ್ತದೆ. ಅವನ್ನು ಪಟ್ಟಿ ಮಾಡಿ ಬದಿಗಿಡದಿದ್ದರೆ ಸಹಾಯಕ ಅದನ್ನೇ ದೊಡ್ಡ ಶೋಧವೆಂದು ಬಣ್ಣಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಮುಳ್ಳೇರಿಯದವರು ಹೇಳಿದಂತೆ ಮಾಡಿದೆ. ಕರೆಂಟು ಮೂರು ಸಲ ಹೋಗಿ ಬಂದದ್ದರಿಂದ ಒಂದು ಸಂಜೆ ಪೂರ್ತಿ ಹಿಡಿಯಿತು. 1,900 ಜೀನ್‌ಗಳಲ್ಲಿ ಉಳಿದದ್ದು 23. ಗೈಡ್ ಅವರು ಆ ಪಟ್ಟಿಯನ್ನು ನೋಡಿ ಮೊದಲ ಬಾರಿಗೆ ಪೆನ್ನು ತೆಗೆದು ಗುರುತು ಹಾಕಿದರು. 1,900ರ ಪಟ್ಟಿಯನ್ನು ಅವರು ಎರಡನೆಯ ಪುಟಕ್ಕೇ ಮಡಚಿಟ್ಟಿದ್ದರು. ದತ್ತಾಂಶವನ್ನು ಹೊರಗೆ ಹಾಕಿದ ವಿಷಯವನ್ನೂ ಹೇಳಿದೆ, ಬೈಗುಳವೂ ಸಿಕ್ಕಿತು. ವರದಿಯಲ್ಲಿ ಯಾವ ಸಹಾಯಕನಿಂದ ಯಾವ ದಿನಾಂಕಗಳಲ್ಲಿ ಕೋಡ್ ಬರೆಸಿಕೊಂಡೆ, ಅದರಲ್ಲಿ ನಾನು ಬದಲಿಸಿದ ಸಾಲುಗಳು ಯಾವುವು, ತಂತ್ರಾಂಶದ ಆವೃತ್ತಿ, ರೆಸಲ್ಯೂಶನ್ ಮತ್ತು ಸೀಡ್ ಎಷ್ಟು ಎಂದು ಬರೆದು, ಕೋಡನ್ನು ಅನುಬಂಧದಲ್ಲಿ ಕೊಡಲು ಅವರು ಒಪ್ಪಿದ್ದಾರೆ.

ಒಂದು ಸಂಶಯ ಉಳಿದಿದೆ. ಸರ್ಫ್ಯಾಕ್ಟಂಟ್ (ಶ್ವಾಸಕೋಶದ ಗಾಳಿಚೀಲಗಳು ಕುಸಿಯದಂತೆ ತಡೆಯುವ ದ್ರವ) ತಯಾರಿಸುವ ಕೋಶಗಳ ಗುರುತಾದ ಎಸ್‌ಎಫ್‌ಟಿಪಿಸಿ ಜೀನ್ ನನ್ನ ಬಿಳಿರಕ್ತಕೋಶಗಳ ಗುಂಪಿನಲ್ಲೂ ಕಾಣುತ್ತಿದೆ. ಇದು ಹೊಸ ಬಗೆಯ ಕೋಶ ಇರಬಹುದು ಎಂದು ಸಹಾಯಕ ಉತ್ಸಾಹದಿಂದ ಬರೆದಿದೆ.

ಉತ್ತರ 7: ಮಂಜೇಶ್ವರದಿಂದ

ಅವಸರ ಬೇಡ. ಅಂಗಾಂಶವನ್ನು ಬಿಡಿಸುವಾಗ ಒಡೆದ ಕೋಶಗಳ ಆರ್‌ಎನ್‌ಎ ದ್ರವದಲ್ಲಿ ತೇಲುತ್ತಾ, ಒಂದೊಂದು ಕೋಶವನ್ನು ಬೇರೆಯಾಗಿ ಹಿಡಿಯಲು ಮಾಡುವ ಎಲ್ಲ ಹನಿಗಳಿಗೂ ಸ್ವಲ್ಪ ಸ್ವಲ್ಪ ಸೇರುತ್ತದೆ. ಸರ್ಫ್ಯಾಕ್ಟಂಟ್ ಕೋಶಗಳು ಆ ಜೀನನ್ನು ವಿಪರೀತ ಪ್ರಮಾಣದಲ್ಲಿ ತಯಾರಿಸುವುದರಿಂದ ಶ್ವಾಸಕೋಶದ ದತ್ತಾಂಶದಲ್ಲಿ ಅದು ಸಾರಿನಲ್ಲಿನ ಉಪ್ಪಿನಂತೆ ಎಲ್ಲೆಡೆ ಇರುತ್ತದೆ. ಕೋಶವೇ ಇಲ್ಲದ ಖಾಲಿ ಹನಿಗಳಲ್ಲೂ ಎಸ್‌ಎಫ್‌ಟಿಪಿಸಿ ಇದೆಯೇ ಎಂದು ನೋಡಿ. ಇದ್ದರೆ ಸೂಪ್‌ಎಕ್ಸ್ ಎಂಬ ತಂತ್ರಾಂಶ ಓಡಿಸಿ ಎಣಿಕೆಯನ್ನು ಸರಿಪಡಿಸಿಕೊಳ್ಳಿ. ಅದಕ್ಕೆ ಶೋಧಿಸುವ ಮೊದಲಿನ ಕಚ್ಚಾ ಕೋಷ್ಟಕ ಬೇಕು, ಗೈಡ್ ಅವರಲ್ಲಿ ಇರಬಹುದು. ಆಮೇಲೂ ಕೆಲವೇ ಕೋಶಗಳಲ್ಲಿ ಎರಡೂ ಗುರುತುಗಳು ಜೋರಾಗಿ ಉಳಿದರೆ, ಒಂದೇ ಹನಿಯಲ್ಲಿ ಎರಡು ಕೋಶಗಳು ಸಿಕ್ಕಿಬಿದ್ದಿವೆಯೇ ಎಂದು ಸ್ಕ್ರಬ್ಲೆಟ್ ಎಂಬ ತಂತ್ರಾಂಶದಿಂದ ಪರೀಕ್ಷಿಸಿ. ಹೊಸ ಕೋಶದ ಮಾತು ಅದಾದ ಮೇಲೆ.